ಕಲ್ಲಾದ ಗಿಡಗಳನ್ನು ಓದಿದ ಬೀರಬಲ್ ಸಾಹ್ನಿ

ಪಳೆಯುಳಿಕೆ ಎಂದೊಡನೆ ಮಕ್ಕಳ ಬಾಯಿಗೆ ಬರುವುದು ಡೈನೋಸಾರ್. ಕಲ್ಲಾದ ಗಿಡ ಯಾರಿಗೂ ನೆನಪಾಗುವುದಿಲ್ಲ. ಅದಕ್ಕಾಗಿಯೇ ಹತ್ತನೇ ತರಗತಿಯ ಜೀವವಿಕಾಸದ ಪಾಠಕ್ಕೆ ನಾನು ಡಾ. ಬೀರಬಲ್ ಸಾಹ್ನಿಯವರ ಬದುಕನ್ನು ಆಯ್ದುಕೊಂಡೆ. ಅಭ್ಯಾಸ ಬೋಧನೆಗೆ ಹೊರಡುವ ಸಹಪಾಠಿಗಳಿಗೂ ಇದು ಉಪಯೋಗವಾದೀತು.

ಸಾಹ್ನಿ ಹುಟ್ಟಿದ್ದು 1891ರ ನವೆಂಬರ್ 14ರಂದು, ಈಗ ಪಾಕಿಸ್ತಾನದಲ್ಲಿರುವ ಭೇರಾದಲ್ಲಿ. ತಂದೆ ರುಚಿರಾಮ್ ಸಾಹ್ನಿ ಲಾಹೋರಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರು. ಜನಸಾಮಾನ್ಯರಿಗೆ ಪಂಜಾಬಿಯಲ್ಲೇ ವಿಜ್ಞಾನ ಹೇಳಿಕೊಟ್ಟವರು. ಮಗ ಕೇಂಬ್ರಿಜ್‌ಗೆ ಹೋಗಿ ಸೆವರ್ಡ್ ಅವರ ಬಳಿ ಕಲಿತರು. ಲೋಸನ್ ಅವರ ಸಸ್ಯಶಾಸ್ತ್ರ ಪಠ್ಯವನ್ನು ಭಾರತದ ವಿದ್ಯಾರ್ಥಿಗಳಿಗೆ ಹೊಂದುವಂತೆ, ಇಲ್ಲಿನ ಗಿಡಗಳ ಉದಾಹರಣೆಗಳೊಡನೆ ಪರಿಷ್ಕರಿಸುವ ಕೆಲಸದಲ್ಲೂ ಅವರ ಪಾಲಿತ್ತು. ಶಿಕ್ಷಕರಾಗಲಿರುವ ನಮಗೆ ಇದು ಸಣ್ಣ ವಿಷಯವಲ್ಲ ಎಂದು ನನ್ನ ಭಾವನೆ. 1921ರಲ್ಲಿ ಲಖನೌ ವಿಶ್ವವಿದ್ಯಾಲಯ ಸೇರಿದವರು ಕೊನೆಯವರೆಗೂ ಅಲ್ಲೇ ಉಳಿದರು. 1936ರಲ್ಲಿ ರಾಯಲ್ ಸೊಸೈಟಿಯ ಫೆಲೊ ಆದರು.

ಅವರ ಕೆಲಸದ ದೊಡ್ಡ ಭಾಗ ನಡೆದದ್ದು ಇಂದಿನ ಜಾರ್ಖಂಡಿನ ರಾಜಮಹಲ್ ಬೆಟ್ಟಗಳ ಕಲ್ಲುಗಳ ಮೇಲೆ. ಹತ್ತು ಕೋಟಿ ವರ್ಷಗಳಿಗೂ ಹಿಂದೆ ಅಲ್ಲಿ ಲಾವಾ ಹರಿದಿತ್ತು. ಲಾವಾ ಪದರಗಳ ನಡುವಿನ ಕೆಸರಿನಲ್ಲಿ ಹೂತ ಗಿಡಗಳೊಳಗೆ ಸಿಲಿಕಾ ಕರಗಿದ ನೀರು ಇಳಿದು ಗಟ್ಟಿಯಾಯಿತು. ಹೀಗೆ ಕಲ್ಲಾದ ಕಾಂಡವನ್ನು ಬಿಲ್ಲೆಯಾಗಿ ಕೊಯ್ದು, ಬೆಳಕು ಹಾಯುವಷ್ಟು ತೆಳುವಾಗುವ ತನಕ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟರೆ ಒಂದೊಂದು ಜೀವಕೋಶದ ಗೋಡೆಯೂ ಕಾಣುತ್ತದೆ.

ಆದರೆ ಇಡೀ ಗಿಡ ಸಿಗುವುದಿಲ್ಲ. ಎಲೆ ಒಂದು ಕಡೆ, ಕಾಂಡ ಇನ್ನೊಂದು ಕಡೆ, ಬೀಜದ ಗೊಂಚಲು ಮತ್ತೆಲ್ಲೋ. ಒಂದೇ ಗಿಡದ್ದೆಂದು ಖಚಿತವಾಗುವ ತನಕ ಪ್ರತಿ ತುಂಡಿಗೂ ಬೇರೆ ಹೆಸರು. ನಿಪನಿಯಾ ಎಂಬಲ್ಲಿನ ಕಾಂಡದೊಳಗೆ ಸಾಮಾನ್ಯವಾಗಿ ಐದು ಪ್ರತ್ಯೇಕ ಮರದ ಕಂಬಗಳಿದ್ದುದರಿಂದ ಅದು ಪೆಂಟಾಕ್ಸೈಲಾನ್ ಆಯಿತು. ಎಲೆ ನಿಪನಿಯೋಫಿಲ್ಲಮ್, ಬೀಜದ ಗೊಂಚಲು ಕಾರ್ನೊಕೊನೈಟಿಸ್. ಇವು ಒಂದೇ ಬಗೆಯ ಗಿಡದ ಭಾಗಗಳೆಂದು ಒಳರಚನೆಯನ್ನು ಹೋಲಿಸಿ ಜೋಡಿಸಿದ ಸಾಹ್ನಿ, 1948ರಲ್ಲಿ ಪೆಂಟಾಕ್ಸೈಲಿ ಎಂಬ ಹೊಸ ಗುಂಪನ್ನೇ ಮುಂದಿಟ್ಟರು. ಅದು ಹೂಬಿಡದ, ಬೀಜ ಬಿಡುವ ಸಸ್ಯ. ಆಗ ಗೊತ್ತಿದ್ದ ಯಾವ ಗುಂಪಿಗೂ ಪೂರ್ತಿ ಹೊಂದುತ್ತಿರಲಿಲ್ಲ.

ಇದನ್ನು ತರಗತಿಗೆ ತರಲು ನಾನು ಹೊಂಗೆ, ಬೇವು, ನುಗ್ಗೆಯ ಎಲೆ, ಕಡ್ಡಿ, ಕಾಯಿಗಳನ್ನು ಬೆರೆಸಿ ಮೇಜಿನ ಮೇಲೆ ಹರಡಿದೆ. ಮಕ್ಕಳು ಕ್ಷಣದಲ್ಲಿ ಜೋಡಿಸಿಬಿಟ್ಟರು. ಈ ಮರಗಳನ್ನು ನೀವು ಕಂಡೇ ಇರದಿದ್ದರೆ ಎಂದು ಕೇಳಿದಾಗ ತರಗತಿ ಸುಮ್ಮನಾಯಿತು. ಕೊನೆಗೆ ಒಬ್ಬ ಹುಡುಗಿ, ಕಡ್ಡಿಯ ಮೇಲಿನ ಗುರುತಿಗೆ ಎಲೆಯ ತೊಟ್ಟು ಕೂರುತ್ತದೆಯೇ ನೋಡಬೇಕು ಎಂದಳು. ಸಾಹ್ನಿಯವರ ದಾರಿ ಅದಕ್ಕೆ ದೂರದ್ದಲ್ಲ.

ಅವರ ಎಲ್ಲ ತೀರ್ಮಾನಗಳೂ ನಿಲ್ಲಲಿಲ್ಲ. ಪಂಜಾಬಿನ ಉಪ್ಪಿನ ಬೆಟ್ಟಗಳ ಉಪ್ಪನ್ನು ಕರಗಿಸಿ ನೋಡಿದಾಗ ಸಸ್ಯ, ಕೀಟಗಳ ಸೂಕ್ಷ್ಮ ಚೂರುಗಳು ಕಂಡವು. ಅವುಗಳ ಆಧಾರದಿಂದ ಆ ಉಪ್ಪು ಇಯೊಸೀನ್ ಕಾಲದ್ದೆಂದು ವಾದಿಸಿದರು. ಅದು ಐವತ್ತು ಕೋಟಿ ವರ್ಷಗಳಿಗೂ ಹಳೆಯದು ಎಂಬುದು ಈಗ ಒಪ್ಪಿತವಾದ ಮಾತು. ಆ ಚೂರುಗಳು ಆಮೇಲೆ ಒಳಸೇರಿದ್ದಿರಬೇಕು. ಈ ಭಾಗವನ್ನು ಪಾಠದಿಂದ ಬಿಡಬಾರದು ಎನ್ನುವುದು ನನ್ನ ಅಭಿಪ್ರಾಯ. ಗಿಡ ಕಲ್ಲಿನೊಳಗಿದ್ದರೆ ಸಾಲದು, ಯಾವಾಗ ಒಳಬಂತೆಂದೂ ಕೇಳಬೇಕು.

ಸಸ್ಯಪಳೆಯುಳಿಕೆಗಳಿಗೆಂದೇ ಒಂದು ಸಂಸ್ಥೆ ಬೇಕೆಂಬುದು ಅವರ ಬಹುಕಾಲದ ಆಸೆ. ಅದಕ್ಕೆ ತಮ್ಮ ಸಂಗ್ರಹವನ್ನೂ ಪುಸ್ತಕಗಳನ್ನೂ ಕೊಟ್ಟರು. 1949ರ ಏಪ್ರಿಲ್ 3ರಂದು ಲಖನೌದಲ್ಲಿ ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ಮಾಡಿದರು. ಆ ಅಡಿಗಲ್ಲಿನಲ್ಲೇ ಪಳೆಯುಳಿಕೆಗಳನ್ನು ಕೂಡಿಸಲಾಗಿತ್ತು. ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 10ರಂದು, ಸಾಹ್ನಿ ಹೃದಯಾಘಾತದಿಂದ ತೀರಿಕೊಂಡರು. ಸಂಸ್ಥೆಯ ಹೊಣೆಯನ್ನು ಪತ್ನಿ ಸಾವಿತ್ರಿ ಸಾಹ್ನಿ ಹೊತ್ತರು. 1953ರ ಜನವರಿಯಲ್ಲಿ ಕಟ್ಟಡದ ಉದ್ಘಾಟನೆಯಾಯಿತು.