ಪರದೇಶವಾಸಿ ರಾಜಾರಾಯರು

ಹಾಸನದಲ್ಲಿ ಹುಟ್ಟಿ, ಕನ್ನಡವನ್ನು ಮನೆಮಾತಾಗಿ ಪಡೆದು, ಇಂಗ್ಲಿಷಿನಲ್ಲಿ ಬರೆದು, ಅಮೆರಿಕೆಯಲ್ಲಿ ಕಾಲವಾದ ಲೇಖಕನೊಬ್ಬನನ್ನು ಯಾವ ನಾಡಿನ ಲೆಕ್ಕಕ್ಕೆ ಬರೆದುಕೊಳ್ಳಬೇಕು? ಈ ಜಿಲ್ಲೆಯಲ್ಲಿ ಕನ್ನಡ ಪಾಠ ಹೇಳುವ ನನ್ನಂಥವನಿಗೆ ಇದು ಕೇವಲ ಸಾಹಿತ್ಯಚರಿತ್ರೆಯ ಪ್ರಶ್ನೆಯಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಓದು ಮುಗಿದೊಡನೆ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಕೆಲವರು ಅಲ್ಲಿಂದ ಕಡಲನ್ನೂ ದಾಟುತ್ತಾರೆ. ಹೋಗುವವರು ಏನನ್ನು ಒಯ್ಯುತ್ತಾರೆ, ಏನನ್ನು ಬಿಟ್ಟುಹೋಗುತ್ತಾರೆ ಎಂಬುದನ್ನು ತಿಳಿಯಲು ರಾಜಾರಾಯರ ಬಾಳಿಗಿಂತ ಒಳ್ಳೆಯ ಪಾಠವನ್ನು ನಾನು ಕಾಣೆ.

ಅವರು ಹುಟ್ಟಿದ್ದು 1908ರ ನವೆಂಬರ್ 8ರಂದು. ತಂದೆ ಎಚ್. ವಿ. ಕೃಷ್ಣಸ್ವಾಮಿಯವರು ಹೈದರಾಬಾದಿನ ನಿಜಾಮ್ ಕಾಲೇಜಿನಲ್ಲಿ ಕನ್ನಡದ ಅಧ್ಯಾಪಕರು. ತಾಯಿ ಗೌರಮ್ಮನವರು ಮಗನಿಗೆ ನಾಲ್ಕು ವರ್ಷವಾಗಿದ್ದಾಗಲೇ ತೀರಿಕೊಂಡರು. ಈ ಅಗಲಿಕೆಯ ನೆರಳು ಅವರ ಬರಹದ ಮೇಲೆ ಕೊನೆಯವರೆಗೂ ಬಿದ್ದಿದೆ. ಬಾಲ್ಯದ ಒಂದು ಭಾಗ ಹಾಸನ ಸೀಮೆಯಲ್ಲಿ ಅಜ್ಜನ ಆಶ್ರಯದಲ್ಲಿ ಕಳೆಯಿತು. ವಿದ್ಯಾಭ್ಯಾಸ ಹೈದರಾಬಾದಿನ ಮದರಸಾ-ಎ-ಆಲಿಯಾ ಎಂಬ ಶಾಲೆಯಲ್ಲಿ ನಡೆಯಿತು. ಮನೆಯಲ್ಲಿ ಕನ್ನಡ, ಸುತ್ತಲೂ ಉರ್ದು, ಪಾಠಕ್ಕೆ ಇಂಗ್ಲಿಷ್. ಪರದೇಶಕ್ಕೆ ಹೋಗುವ ಮೊದಲೇ ಪರಸ್ಥಳದ ಬದುಕು ಅವರಿಗೆ ಪರಿಚಿತವಾಗಿತ್ತೆಂದು ಹೇಳಿದರೆ ತಪ್ಪಾಗದು.

1929ರಲ್ಲಿ ಹೈದರಾಬಾದ್ ಸರಕಾರದ ವಿದ್ಯಾರ್ಥಿವೇತನ ಪಡೆದು ಅವರು ಫ್ರಾನ್ಸಿನ ಮೊಂಪೆಲಿಯೆ ನಗರಕ್ಕೆ ತೆರಳಿದರು. ಅಲ್ಲಿ ಫ್ರೆಂಚ್ ಭಾಷಾಸಾಹಿತ್ಯಗಳನ್ನು ಅಭ್ಯಾಸ ಮಾಡಿ, ಮುಂದೆ ಪ್ಯಾರಿಸಿನ ಸೊರ್ಬಾನ್ ವಿದ್ಯಾಪೀಠದಲ್ಲಿ ಸಂಶೋಧನೆಗೆ ತೊಡಗಿದರು. 1931ರಲ್ಲಿ ಫ್ರೆಂಚ್ ಅಧ್ಯಾಪಕಿ ಕಮೀಲ್ ಮೂಲಿಯವರನ್ನು ಮದುವೆಯಾದರು. ಇದೇ ಕಾಲದಲ್ಲಿ ಅವರು ಕನ್ನಡದಲ್ಲಿಯೂ ಬರೆಯುತ್ತಿದ್ದರೆಂಬುದನ್ನು ನಮ್ಮಲ್ಲಿ ಹಲವರು ಮರೆತಿದ್ದಾರೆ. ಆಲೂರು ವೆಂಕಟರಾಯರು ಧಾರವಾಡದಲ್ಲಿ ಆರಂಭಿಸಿದ ‘ಜಯ ಕರ್ನಾಟಕ’ದಲ್ಲಿ 1931-32ರ ಸುಮಾರಿಗೆ ಅವರ ಕನ್ನಡ ಲೇಖನಗಳು ಪ್ರಕಟವಾದವು. ಹಾಗೆ ಎರಡು ದಾರಿಗಳೂ ಅವರ ಮುಂದಿದ್ದುವು. ಅವರು ಇಂಗ್ಲಿಷಿನ ದಾರಿಯನ್ನು ಆರಿಸಿಕೊಂಡರು.

ಆ ದಾರಿಯ ಮೊದಲ ಫಲ 1938ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಕಾಂತಾಪುರ’. ಗಾಂಧೀಜಿಯವರ ಚಳವಳಿ ಒಂದು ಸಣ್ಣ ಹಳ್ಳಿಯನ್ನು ಹೊಕ್ಕು ಅದನ್ನು ಅಲುಗಿಸಿದ ಕಥೆ ಅದು. ಹೇಳುವವಳು ಅಚ್ಚಕ್ಕನೆಂಬ ಮುದುಕಿ. ಅವಳ ಮಾತಿನಲ್ಲಿ ಸ್ಥಳಪುರಾಣದ ಓಟವಿದೆ. ವಾಕ್ಯಕ್ಕೆ ವಾಕ್ಯ ಹೆಣೆದುಕೊಂಡು ಉಸಿರುಗಟ್ಟಿಸುವಂತೆ ಸಾಗುತ್ತದೆ. ಊರನ್ನು ಕಾಯುವ ದೇವತೆ ಕೆಂಚಮ್ಮ. ಪಕ್ಕದಲ್ಲಿ ಹರಿಯುವ ಹೊಳೆಯ ಹೆಸರು ಹಿಮವತಿ. ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಯನ್ನೂ, ಸಕಲೇಶಪುರದಿಂದ ಗೊರೂರು, ಹೊಳೆನರಸೀಪುರಗಳನ್ನು ಹಾದು ಕಾವೇರಿಯತ್ತ ಸಾಗುವ ಹೇಮಾವತಿಯನ್ನೂ ಬಲ್ಲ ವಾಚಕನಿಗೆ ಇದು ಎಲ್ಲಿಯ ಹಳ್ಳಿಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಫ್ರಾನ್ಸಿನಲ್ಲಿ ಕುಳಿತ ತರುಣನೊಬ್ಬ ತನ್ನ ಸೀಮೆಯ ಅಜ್ಜಿಯರ ಮಾತಿನ ಲಯವನ್ನು ಇಂಗ್ಲಿಷಿಗೆ ತೊಡಿಸಿದ. ಕನ್ನಡದ ಅಕ್ಷರವನ್ನು ಬಿಟ್ಟವನು ಕನ್ನಡದ ಉಸಿರನ್ನು ಬಿಡಲಿಲ್ಲ.

ಈ ಕಾದಂಬರಿ ಮುಗಿಯುವುದು ಹೇಗೆಂಬುದನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ತೋರಿಸುತ್ತೇನೆ. ಹಳ್ಳಿ ಹಾಳಾಗುತ್ತದೆ, ಉಳಿದವರು ಊರು ಬಿಟ್ಟು ಕಾಶೀಪುರದಲ್ಲಿ ನೆಲೆ ನಿಲ್ಲುತ್ತಾರೆ. ಅಚ್ಚಕ್ಕ ಕಥೆ ಹೇಳುತ್ತಿರುವುದು ಬೇರೊಂದು ಊರಿನಲ್ಲಿ ಕುಳಿತು. ಅಂದಮೇಲೆ ಅವಳೂ ವಲಸೆ ಬಂದವಳೇ. ಊರನ್ನು ಕಳೆದುಕೊಂಡವಳ ನಾಲಗೆಯಲ್ಲಿ ಊರು ಇಡಿಯಾಗಿ ಉಳಿದಿದೆ.

1939ರಲ್ಲಿ ರಾಯರು ಭಾರತಕ್ಕೆ ಮರಳಿದರು. 1942ರ ಚಳವಳಿಯಲ್ಲಿ ಭಾಗವಹಿಸಿದರು. ಗೆಳೆಯ ಅಹಮದ್ ಅಲಿಯವರೊಡನೆ ಮುಂಬಯಿಯಿಂದ ಪತ್ರಿಕೆಯೊಂದನ್ನು ನಡೆಸಿದರು. ತಿರುವನಂತಪುರದ ಆತ್ಮಾನಂದರಲ್ಲಿ ಗುರುವನ್ನು ಕಂಡರು. 1960ರಲ್ಲಿ ‘ದಿ ಸರ್ಪೆಂಟ್ ಅಂಡ್ ದಿ ರೋಪ್’ ಹೊರಬಂದಾಗ ಅವರು ಬೇರೆಯೇ ಲೇಖಕರಾಗಿದ್ದರು. ಹಳ್ಳಿಯ ಗದ್ದಲ ಹಿಂದಾಗಿ ಅದ್ವೈತದ ರಜ್ಜುಸರ್ಪ ಮುಂದೆ ಬಂದಿತ್ತು.

1966ರಲ್ಲಿ ಅವರು ಅಮೆರಿಕೆಯ ಆಸ್ಟಿನ್ ನಗರದಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾದರು. ಆ ಕಾಲವನ್ನು ಗಮನಿಸಬೇಕು. 1917ರ ಕಾನೂನು ಭಾರತೀಯರ ವಲಸೆಗೆ ಬಾಗಿಲು ಮುಚ್ಚಿತ್ತು. 1946ರ ಕಾನೂನು ವರ್ಷಕ್ಕೆ ನೂರು ಮಂದಿಗೆ ಮಾತ್ರ ಅದನ್ನು ತೆರೆಯಿತು. 1965ರ ಕಾನೂನು ದೇಶವಾರು ಪಾಲಿನ ಹಳೆಯ ಪದ್ಧತಿಯನ್ನು ತೆಗೆದುಹಾಕಿದ ಮೇಲೆಯೇ ನಮ್ಮ ವೈದ್ಯರೂ ಇಂಜಿನಿಯರರೂ ಅಲ್ಲಿಗೆ ತಂಡತಂಡವಾಗಿ ಹೋದದ್ದು. ರಾಯರು ಆ ದೊಡ್ಡ ಅಲೆಯ ಅಂಚಿನಲ್ಲಿ ಹೋದವರು.

ಅವರು ನೆಲೆಸಿದ ಆಸ್ಟಿನ್ ಸ್ವತಃ ಎರಡು ಭಾಷೆಗಳ ನಗರ. ಟೆಕ್ಸಾಸ್ ಪ್ರಾಂತ 1836ರವರೆಗೆ ಮೆಕ್ಸಿಕೋ ದೇಶದ ಭಾಗವಾಗಿತ್ತು. ನಗರದ ಪೂರ್ವಭಾಗದಲ್ಲಿ ಸ್ಪ್ಯಾನಿಷ್ ಮಾತಾಡುವ ಮೆಕ್ಸಿಕನ್ ಮೂಲದ ಜನ ಬಹುಕಾಲದಿಂದ ನೆಲೆಸಿದ್ದರು. ಅವರಿಗೆ ತಮ್ಮದೇ ಕೇರಿಗಳಿದ್ದುವು, ಚರ್ಚುಗಳಿದ್ದುವು, ಅಂಗಡಿ ಹಬ್ಬಗಳಿದ್ದುವು. ಭಾಷೆ ಬೀದಿಯಲ್ಲಿ ಬಾಳುತ್ತಿತ್ತು. ಒಂಟಿಯಾಗಿ ಹೋದ ಕನ್ನಡಿಗನಿಗೆ ಅಂಥ ಬೀದಿಯಿಲ್ಲ. ಅವನ ಭಾಷೆ ನೆನಪಿನಲ್ಲಿ ಮಾತ್ರ ಬಾಳಬೇಕು.

ವಲಸೆಯ ಈ ತತ್ತ್ವವನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ಶತಮಾನಗಳ ಹಿಂದೆ ತಮಿಳು ಸೀಮೆಯಿಂದ ಬಂದ ಸಂಕೇತಿಗಳು ಹಾಸನ, ಅರಕಲಗೂಡುಗಳ ಸುತ್ತ ನೆಲೆಸಿದರು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಅವರ ಸಂಗೀತದಿಂದ ಹೆಸರಾಯಿತು. ಮನೆಯೊಳಗೆ ತಮ್ಮ ನುಡಿ, ಹೊರಗೆ ಕನ್ನಡ, ಎರಡನ್ನೂ ಉಳಿಸಿಕೊಂಡರು. ಗುಂಪಾಗಿ ಬಂದದ್ದರಿಂದ ಅದು ಸಾಧ್ಯವಾಯಿತು. ರಾಯರಿಗೆ ಈ ಭಾಗ್ಯವಿರಲಿಲ್ಲ.

ಇನ್ನೊಂದು ಹೋಲಿಕೆ ಇದಕ್ಕಿಂತ ಹತ್ತಿರದ್ದು. ರಾಯರಿಗಿಂತ ನಾಲ್ಕು ವರ್ಷ ಮೊದಲು, 1904ರಲ್ಲಿ, ಅದೇ ಹೇಮಾವತಿಯ ದಡದಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಹುಟ್ಟಿದರು. ಅವರೂ ಗಾಂಧೀಜಿಯವರ ಕರೆಗೆ ಓಗೊಟ್ಟವರು. ಆದರೆ ಹಳ್ಳಿಯನ್ನು ಕನ್ನಡದಲ್ಲಿಯೇ ಬರೆದರು. ಮುಪ್ಪಿನಲ್ಲಿ ಅಮೆರಿಕೆಗೆ ಹೋಗಿಬಂದು ಬರೆದ ‘ಅಮೆರಿಕಾದಲ್ಲಿ ಗೊರೂರು’ ಅವರಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ತಂದಿತು. ಗೊರೂರರು ಅಮೆರಿಕೆಯನ್ನು ಹಳ್ಳಿಯ ಜಗುಲಿಗೆ ತಂದರು. ರಾಜಾರಾಯರು ಹಳ್ಳಿಯನ್ನು ಲೋಕದ ಅಂಗಳಕ್ಕೆ ಒಯ್ದರು. ಮೊದಲನೆಯವರಿಗೆ ಮರಳುವ ಮನೆ ಇತ್ತು.

ರಾಯರು ನಿವೃತ್ತರಾದ ಮೇಲೂ ಆಸ್ಟಿನ್ನಿನಲ್ಲಿಯೇ ಉಳಿದರು. 1988ರಲ್ಲಿ ನ್ಯೂಸ್ಟಾಟ್ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಿತು. ಅದೇ ವರ್ಷ ಪ್ರಕಟವಾದ ‘ದಿ ಚೆಸ್‌ಮಾಸ್ಟರ್ ಅಂಡ್ ಹಿಸ್ ಮೂವ್ಸ್’ ಕಾದಂಬರಿಯ ನಾಯಕ ಪ್ಯಾರಿಸಿನಲ್ಲಿರುವ ಭಾರತೀಯ ಗಣಿತಜ್ಞ. 2006ರ ಜುಲೈ 8ರಂದು, ತೊಂಬತ್ತೇಳರ ವಯಸ್ಸಿನಲ್ಲಿ, ರಾಯರು ಅಲ್ಲಿಯೇ ಕಣ್ಮುಚ್ಚಿದರು. ಮರುವರ್ಷ ಭಾರತ ಸರಕಾರ ಮರಣೋತ್ತರವಾಗಿ ಪದ್ಮವಿಭೂಷಣವನ್ನಿತ್ತಿತು.

ಅವರ ಕೃತಿಗಳನ್ನು ಕ್ರಮವಾಗಿ ಓದಿದಾಗ ನನಗೆ ಒಂದು ಸಂಗತಿ ಸ್ಪಷ್ಟವಾಗಿ ಕಾಣುತ್ತದೆ. ಊರಿನಿಂದ ದೂರವಾದ ಕಾಲ ಹೆಚ್ಚಿದಂತೆ ಊರು ಕರಗಿ ಭಾರತವೆಂಬ ಭಾವನೆ ಉಳಿಯಿತು. ಕೆಂಚಮ್ಮ ಹೋಗಿ ಬ್ರಹ್ಮ ಬಂದ. ಇದನ್ನು ಏರಿಕೆಯೆಂದು ಬಗೆಯುವವರಿದ್ದಾರೆ. ಆ ಮತವನ್ನು ನಾನು ಗೌರವಿಸುತ್ತೇನೆ, ಒಪ್ಪಲಾರೆ. ಪರದೇಶದಲ್ಲಿ ನೆಲೆಸಿದವನಿಗೆ ತಾಯ್ನಾಡು ಮೊದಲು ಒಂದು ಬೀದಿ, ಒಂದು ಹೊಳೆ, ಒಂದು ಅಜ್ಜಿಯ ದನಿ. ಮಾತಾಡುವವರಿಲ್ಲದೆ ಹೋದಾಗ ಅದು ತತ್ತ್ವವಾಗುತ್ತದೆ. ತತ್ತ್ವಕ್ಕೆ ಪ್ರಯಾಣ ಸುಲಭ, ಆದರೆ ಅದಕ್ಕೆ ಮಣ್ಣಿನ ವಾಸನೆಯಿಲ್ಲ.

ಆದುದರಿಂದ ರಾಯರು ನಮ್ಮವರೆಂದು ಅಭಿಮಾನಪಡುವ ಮೊದಲು ನಾವು ಅವರನ್ನು ಓದಬೇಕು. ಕನ್ನಡ ಕಳೆದುಕೊಂಡದ್ದೇನೆಂಬುದು ‘ಕಾಂತಾಪುರ’ದಲ್ಲಿ ತಿಳಿಯುತ್ತದೆ, ಕನ್ನಡ ಕೊಟ್ಟದ್ದೇನೆಂಬುದೂ ಅಲ್ಲಿಯೇ ತಿಳಿಯುತ್ತದೆ. ಹಾಸನದ ಕಾಲೇಜುಗಳ ಕನ್ನಡ ತರಗತಿಗಳಲ್ಲಿ ಗೊರೂರರ ಪ್ರಬಂಧಗಳ ಜೊತೆಗೆ ಆ ಕಾದಂಬರಿಯನ್ನೂ ಓದಿಸಬೇಕೆಂಬುದು ನನ್ನ ಬಿನ್ನಹ. ನಾಳೆ ಊರು ಬಿಡಲಿರುವ ಹುಡುಗ ಹುಡುಗಿಯರು ಹೊರಡುವ ಮೊದಲು ಅಚ್ಚಕ್ಕನ ಮಾತನ್ನು ಒಮ್ಮೆ ಕೇಳಿಸಿಕೊಂಡಿರಲಿ.