ಸತೀಶ್ ಧವನ್

ಸತೀಶ್ ಧವನ್ (25 ಸೆಪ್ಟೆಂಬರ್ 1920 – 3 ಜನವರಿ 2002) ಭಾರತದ ವೈಮಾನಿಕ ವಿಜ್ಞಾನಿ, ಪ್ರಾಧ್ಯಾಪಕ ಹಾಗೂ ಆಡಳಿತಗಾರರು. ಇವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ 1962ರಿಂದ 1981ರವರೆಗೆ, ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ (ಇಸ್ರೋ) ಅಧ್ಯಕ್ಷರಾಗಿ 1972ರಿಂದ 1984ರವರೆಗೆ ಸೇವೆ ಸಲ್ಲಿಸಿದರು. ದೇಶದ ಮೊದಲ ಉಪಗ್ರಹ ಆರ್ಯಭಟ, ದೇಶದಲ್ಲೇ ನಿರ್ಮಾಣಗೊಂಡ ಮೊದಲ ಉಪಗ್ರಹ ಉಡಾವಣಾ ವಾಹನ ಎಸ್‌ಎಲ್‌ವಿ-3 ಮತ್ತು ಇನ್ಸಾಟ್ ಸರಣಿಯ ಆರಂಭ ಇವರ ಅಧಿಕಾರಾವಧಿಯ ಪ್ರಮುಖ ಘಟನೆಗಳು. ಬೆಂಗಳೂರು ಭಾರತದ ಬಾಹ್ಯಾಕಾಶ ಚಟುವಟಿಕೆಗಳ ಕೇಂದ್ರವಾಗಿ ಬೆಳೆಯುವುದರಲ್ಲಿ ಇವರ ಪಾತ್ರ ದೊಡ್ಡದು.

ಜನನ ಮತ್ತು ವಿದ್ಯಾಭ್ಯಾಸ

ಧವನ್ ಜನಿಸಿದ್ದು ಶ್ರೀನಗರದಲ್ಲಿ. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ, ಇಂಗ್ಲಿಷ್ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಹಾಗೂ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಅನಂತರ ಅಮೆರಿಕಕ್ಕೆ ತೆರಳಿ, 1947ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ವೈಮಾನಿಕ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿಯನ್ನೂ, 1951ರಲ್ಲಿ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಿಂದ (ಕ್ಯಾಲ್‌ಟೆಕ್) ಡಾಕ್ಟರೇಟ್ ಪದವಿಯನ್ನೂ ಗಳಿಸಿದರು. ಅಲ್ಲಿ ಹ್ಯಾನ್ಸ್ ಲೀಪ್‌ಮನ್ ಇವರ ಮಾರ್ಗದರ್ಶಕರಾಗಿದ್ದರು.

ವೇಗವಾಗಿ ಹರಿಯುವ ಗಾಳಿ ಮೇಲ್ಮೈಯೊಂದನ್ನು ಸವರಿಕೊಂಡು ಹೋಗುವಾಗ ಉಂಟಾಗುವ ಘರ್ಷಣೆಯನ್ನು ನೇರವಾಗಿ ಅಳೆಯುವುದು ಇವರ ಸಂಶೋಧನೆಯ ವಿಷಯವಾಗಿತ್ತು. ಮೇಲ್ಮೈಯ ಒಂದು ಸಣ್ಣ ತುಣುಕನ್ನು ಉಳಿದ ಭಾಗದಿಂದ ಬೇರ್ಪಡಿಸಿ, ಅದು ಅಲುಗಾಡಲು ಅವಕಾಶವಿರುವಂತೆ ಜೋಡಿಸಿ, ಅದರ ಮೇಲೆ ಗಾಳಿ ಹೇರುವ ಎಳೆತವನ್ನು ಅಳೆಯಲಾಗುತ್ತಿತ್ತು. ವಿಮಾನದ ಮೇಲಿನ ಎಳೆತವನ್ನು ಅಂದಾಜು ಮಾಡಲು ಇಂಥ ಮಾಪನಗಳು ಅವಶ್ಯಕ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ

1951ರಲ್ಲಿ ಧವನ್ ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾನಿಕ ಎಂಜಿನಿಯರಿಂಗ್ ವಿಭಾಗವನ್ನು ಸೇರಿ, 1955ರಲ್ಲಿ ಅದರ ಮುಖ್ಯಸ್ಥರಾದರು. ಶಬ್ದಾತೀತ ವೇಗದ ಗಾಳಿಯ ಹರಿವನ್ನು ಅಧ್ಯಯನ ಮಾಡಲು ದೇಶದ ಮೊದಲ ವಾಯುಸುರಂಗವನ್ನು ಇಲ್ಲಿ ನಿರ್ಮಿಸಿದರು. ಅದು ಚಿಕ್ಕದಾಗಿದ್ದರೂ, ಅದರಿಂದ ದೊರೆತ ಅನುಭವ ಮುಂದೆ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ದೊಡ್ಡ ವಾಯುಸುರಂಗಗಳು ರೂಪುಗೊಳ್ಳುವಾಗ ಉಪಯೋಗಕ್ಕೆ ಬಂದಿತು.

1962ರಲ್ಲಿ ಸಂಸ್ಥೆಯ ನಿರ್ದೇಶಕರಾದಾಗ ಇವರಿಗೆ ಇನ್ನೂ 42 ವರ್ಷ. ಈ ಹುದ್ದೆಯಲ್ಲಿ ಅತಿ ದೀರ್ಘಕಾಲ ಇದ್ದವರು ಇವರೇ. ಜೀವಭೌತ ವಿಜ್ಞಾನಿ ಜಿ. ಎನ್. ರಾಮಚಂದ್ರನ್ ಸಂಸ್ಥೆಗೆ ಬಂದದ್ದು ಇವರ ಕಾಲದಲ್ಲಿ. ಗ್ರಾಮೀಣ ಜೀವನಕ್ಕೆ ವಿಜ್ಞಾನವನ್ನು ಅನ್ವಯಿಸುವ 'ಅಸ್ತ್ರ' ಕಾರ್ಯಕ್ರಮ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದುದೂ ಇವರ ಕಾಲದಲ್ಲಿಯೇ. ಕಡಿಮೆ ಸೌದೆ ಬಳಸುವ, ಕರ್ನಾಟಕದ ಹಳ್ಳಿಗಳಲ್ಲಿ ಪರಿಚಿತವಾದ ಅಸ್ತ್ರ ಒಲೆ ಈ ಕಾರ್ಯಕ್ರಮದ ಕೊಡುಗೆ.

ಬಾಹ್ಯಾಕಾಶ ಕಾರ್ಯಕ್ರಮದ ನೇತೃತ್ವ

ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಸ್ಥಾಪಕ ವಿಕ್ರಮ್ ಸಾರಾಭಾಯಿ 30 ಡಿಸೆಂಬರ್ 1971ರಂದು ಹಠಾತ್ತನೆ ನಿಧನರಾದರು. ಧವನ್ ಆಗ ರಜೆಯ ಮೇಲೆ ಕ್ಯಾಲ್‌ಟೆಕ್‌ನಲ್ಲಿದ್ದರು. ಸಾರಾಭಾಯಿಯವರ ಸ್ಥಾನವನ್ನು ವಹಿಸಿಕೊಳ್ಳುವಂತೆ ಪ್ರಧಾನಿ ಇಂದಿರಾ ಗಾಂಧಿ ಇವರನ್ನು ಕೋರಿದರು. ಧವನ್ ಎರಡು ಷರತ್ತುಗಳನ್ನು ಮುಂದಿಟ್ಟರು: ವಿಜ್ಞಾನ ಸಂಸ್ಥೆಯ ನಿರ್ದೇಶಕ ಹುದ್ದೆಯಲ್ಲಿ ತಾವು ಮುಂದುವರಿಯಬೇಕು ಮತ್ತು ಬಾಹ್ಯಾಕಾಶ ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು. ಸರ್ಕಾರ ಎರಡಕ್ಕೂ ಒಪ್ಪಿತು. 1972ರಲ್ಲಿ ಬಾಹ್ಯಾಕಾಶ ಆಯೋಗ ಮತ್ತು ಬಾಹ್ಯಾಕಾಶ ಇಲಾಖೆ ಸ್ಥಾಪನೆಯಾದವು. ಮಧ್ಯಂತರದಲ್ಲಿ ಎಂ. ಜಿ. ಕೆ. ಮೆನನ್ ಹೊಣೆ ನಿರ್ವಹಿಸಿದ ಬಳಿಕ, ಅದೇ ವರ್ಷ ಧವನ್ ಅಧಿಕಾರ ವಹಿಸಿಕೊಂಡರು.

ಉಡುಪಿ ಬಳಿಯ ಅದಮಾರಿನವರಾದ ಯು. ಆರ್. ರಾವ್ ನೇತೃತ್ವದ ತಂಡ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹವನ್ನು ನಿರ್ಮಿಸಿತು. ಸುಮಾರು 360 ಕಿಲೋಗ್ರಾಂ ತೂಕದ ಈ ಉಪಗ್ರಹವನ್ನು 19 ಏಪ್ರಿಲ್ 1975ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್ ಕೇಂದ್ರದಿಂದ ಕಕ್ಷೆಗೆ ಸೇರಿಸಲಾಯಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಆದರೆ ಉಪಗ್ರಹವೊಂದನ್ನು ವಿನ್ಯಾಸಗೊಳಿಸಿ, ನಿರ್ಮಿಸಿ, ನಿಯಂತ್ರಿಸುವ ಅನುಭವ ದೇಶದ ಎಂಜಿನಿಯರುಗಳಿಗೆ ದಕ್ಕಿತು.

1975–76ರಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶೈಕ್ಷಣಿಕ ದೂರದರ್ಶನ ಕಾರ್ಯಕ್ರಮಗಳನ್ನು ತಲುಪಿಸುವ ಪ್ರಯೋಗ ನಡೆಯಿತು. ಕರ್ನಾಟಕದ ಹಳ್ಳಿಗಳೂ ಇದರಲ್ಲಿ ಸೇರಿದ್ದವು. ಸಾರಾಭಾಯಿ ಕಂಡಿದ್ದ, ಬಾಹ್ಯಾಕಾಶ ತಂತ್ರಜ್ಞಾನವನ್ನು ಜನಸಾಮಾನ್ಯರಿಗೆ ತಲುಪಿಸುವ ಕನಸು ಹೀಗೆ ಕಾರ್ಯರೂಪಕ್ಕೆ ಬರತೊಡಗಿತು.

ಎಸ್‌ಎಲ್‌ವಿ-3: ಸೋಲು ಮತ್ತು ಗೆಲುವು

ದೇಶದ ಮೊದಲ ಉಪಗ್ರಹ ಉಡಾವಣಾ ವಾಹನ ಎಸ್‌ಎಲ್‌ವಿ-3ರ ಯೋಜನಾ ನಿರ್ದೇಶಕರಾಗಿದ್ದವರು ಎ. ಪಿ. ಜೆ. ಅಬ್ದುಲ್ ಕಲಾಂ. 10 ಆಗಸ್ಟ್ 1979ರಂದು ಶ್ರೀಹರಿಕೋಟೆಯಿಂದ ಮೇಲೇರಿದ ವಾಹನ, ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆ ಕೈಕೊಟ್ಟದ್ದರಿಂದ ಬಂಗಾಳ ಕೊಲ್ಲಿಗೆ ಬಿದ್ದಿತು. ಬಡ ದೇಶವೊಂದು ರಾಕೆಟ್ಟುಗಳಿಗೆ ಹಣ ಸುರಿಯುವುದು ಸರಿಯೇ ಎಂಬ ಪ್ರಶ್ನೆ ಕೇಳಿಬರುತ್ತಿದ್ದ ಕಾಲವದು. ಕಲಾಂ ಮುಂದೆ ಅನೇಕ ಸಲ ಸ್ಮರಿಸಿದಂತೆ, ಅಂದು ಧವನ್ ತಾವೇ ಪತ್ರಕರ್ತರನ್ನು ಎದುರಿಸಿ, ವೈಫಲ್ಯದ ಹೊಣೆಯನ್ನು ತಮ್ಮ ಮೇಲೆ ಹೊತ್ತು, ತಂಡದ ಸಾಮರ್ಥ್ಯದಲ್ಲಿ ವಿಶ್ವಾಸ ವ್ಯಕ್ತಪಡಿಸಿದರು.

18 ಜುಲೈ 1980ರಂದು ಎಸ್‌ಎಲ್‌ವಿ-3 ಸುಮಾರು 35 ಕಿಲೋಗ್ರಾಂ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಯಲ್ಲಿರಿಸಿತು. ಸ್ವಂತ ವಾಹನದಿಂದ ಸ್ವಂತ ಉಪಗ್ರಹವನ್ನು ಹಾರಿಸಬಲ್ಲ ಕೆಲವೇ ರಾಷ್ಟ್ರಗಳ ಸಾಲಿಗೆ ಭಾರತ ಸೇರಿತು. ಈ ಬಾರಿ ಪತ್ರಿಕಾಗೋಷ್ಠಿಯನ್ನು ನಡೆಸುವ ಅವಕಾಶವನ್ನು ಧವನ್ ಕಲಾಂ ಅವರಿಗೇ ಬಿಟ್ಟುಕೊಟ್ಟರು. ಸೋಲಿನ ಹೊಣೆ ನಾಯಕನದು, ಗೆಲುವಿನ ಶ್ರೇಯ ತಂಡದ್ದು ಎಂಬುದಕ್ಕೆ ಈ ಪ್ರಸಂಗವನ್ನು ಇಂದಿಗೂ ಉದಾಹರಿಸಲಾಗುತ್ತದೆ.

1981ರಲ್ಲಿ ಪ್ರಾಯೋಗಿಕ ಸಂವಹನ ಉಪಗ್ರಹ ಆ್ಯಪಲ್ ಉಡಾವಣೆಯಾಯಿತು. 1982ರ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ನಿಷ್ಕ್ರಿಯವಾದರೂ, 1983ರ ಇನ್ಸಾಟ್-1ಬಿ ಯಶಸ್ವಿಯಾಗಿ, ದೇಶದ ದೂರದರ್ಶನ, ದೂರವಾಣಿ ಮತ್ತು ಹವಾಮಾನ ಸೇವೆಗಳ ವಿಸ್ತರಣೆಗೆ ನೆರವಾಯಿತು.

ಇತರ ಆಸಕ್ತಿಗಳು

ಹಕ್ಕಿಗಳ ಹಾರಾಟ ಧವನ್ ಅವರ ಪ್ರಿಯ ವಿಷಯ. ಶ್ರೀಹರಿಕೋಟೆಗೆ ಹೊಂದಿಕೊಂಡಿರುವ ಪುಲಿಕಾಟ್ ಸರೋವರ ವಲಸೆ ಹಕ್ಕಿಗಳ ತಾಣ. ರೆಕ್ಕೆಗಳ ಚಲನೆಯನ್ನು ವಾಯುಬಲ ವಿಜ್ಞಾನದ ನೆಲೆಯಿಂದ ವಿವರಿಸುವ ಗ್ರಂಥವೊಂದನ್ನು ಇವರು ಇಂಗ್ಲಿಷಿನಲ್ಲಿ ಬರೆದಿದ್ದಾರೆ.

ಗೌರವಗಳು ಮತ್ತು ನಿಧನ

ಭಾರತ ಸರ್ಕಾರ ಇವರಿಗೆ 1971ರಲ್ಲಿ ಪದ್ಮಭೂಷಣ, 1981ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳನ್ನು ನೀಡಿತು. 1977ರಿಂದ 1979ರವರೆಗೆ ಇವರು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದರು.

ಧವನ್ 3 ಜನವರಿ 2002ರಂದು ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಶ್ರೀಹರಿಕೋಟೆಯ ಉಡಾವಣಾ ಕೇಂದ್ರಕ್ಕೆ ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರ ಎಂದು ಹೆಸರಿಡಲಾಯಿತು. 2008ರ ಚಂದ್ರಯಾನ-1, 2013ರ ಮಂಗಳಯಾನ ಮತ್ತು 2023ರ ಚಂದ್ರಯಾನ-3 ಉಡಾವಣೆಗೊಂಡದ್ದು ಈ ಕೇಂದ್ರದಿಂದಲೇ.