ಹಕ್ಕುದಾರರು: ಸ್ವಾಮಿ ರಾಮಾನಂದ ತೀರ್ಥರ ಚರಿತ್ರೆ

ಯೆರೂಸಲೇಮಿನಲ್ಲಿ ಸಿಪಾಯಿಗಳು ಅಪೊಸ್ತಲನಾದ ಪೌಲನನ್ನು ಕೊರಡೆಗಳಿಂದ ಹೊಡೆಯುವದಕ್ಕಾಗಿ ಕಟ್ಟಿದಾಗ, ತಾನು ರೋಮಾಪುರದ ಹಕ್ಕುದಾರನೆಂದು ಅವನು ತಿಳಿಯಪಡಿಸಿದ ಸಂಗತಿಯನ್ನು ನಾವು ಅಪೊಸ್ತಲರ ಕೃತ್ಯಗಳ 22ನೆಯ ಅಧ್ಯಾಯದಲ್ಲಿ ಓದುತ್ತೇವೆ. ಸಹಸ್ರಾಧಿಪತಿಯು ಆ ಹಕ್ಕನ್ನು ಬಹಳ ಹಣ ಕೊಟ್ಟು ಸಂಪಾದಿಸಿದ್ದನು. ಪೌಲನಿಗೋ ಅದು ಹುಟ್ಟಿನಿಂದ ಬಂದದ್ದು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ನಮ್ಮ ಸಭೆಗಳಲ್ಲಿ ಈಗ ಇರುವವರು ಬಹುಮಟ್ಟಿಗೆ ಪೌಲನಂತೆ ಹುಟ್ಟು ಹಕ್ಕುದಾರರು. ನಮ್ಮ ಅಜ್ಜಂದಿರು ಹಾಗೆ ಹುಟ್ಟಲಿಲ್ಲ. ಅವರಿಗೋಸ್ಕರ ಬೆಲೆ ತೆತ್ತವರಲ್ಲಿ ಒಬ್ಬರ ಚರಿತ್ರೆಯನ್ನು ಈ ತಿಂಗಳು ಬರೆಯುತ್ತೇವೆ. ಅವರು ನಮ್ಮ ಮತದವರಲ್ಲ, ಕಾವಿಯುಟ್ಟ ಸನ್ಯಾಸಿಗಳು. ಅನ್ಯಜನಾಂಗದ ಕೋರೆಷನ ಕೈಯಿಂದ ದೇವರು ಇಸ್ರಾಯೇಲ್ಯರನ್ನು ಸೆರೆಯಿಂದ ಬಿಡಿಸಿದನೆಂದು ನಂಬುವ ನಮಗೆ ಇದು ಅಡ್ಡಿಯಾಗಬೇಕಾದದ್ದಿಲ್ಲ.

ಅವರ ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ. ಅಫಜಲಪುರ, ಜೇವರ್ಗಿಗಳ ನೆರೆಯ ಸಿಂದಗಿಯಲ್ಲಿ 1903ರ ಅಕ್ಟೋಬರ್ 3ರಂದು ಜನಿಸಿದರು. ಸೊಲ್ಲಾಪುರದಲ್ಲಿ ಓದಿ, ಕೆಲವು ಕಾಲ ಕೂಲಿಕಾರರ ಸಂಘದ ನಾಯಕರಾದ ಎನ್. ಎಂ. ಜೋಶಿಯವರ ಕೈಕೆಳಗೆ ದುಡಿದರು. ಬಳಿಕ ನಿಜಾಮರ ಸೀಮೆಯ ಹಿಪ್ಪರಗಾ ಎಂಬ ಹಳ್ಳಿಯಲ್ಲಿಯೂ ಮೊಮಿನಾಬಾದಿನಲ್ಲಿಯೂ ಶಾಲಾ ಉಪಾಧ್ಯಾಯರಾದರು. 1932ರಲ್ಲಿ ಸನ್ಯಾಸ ಸ್ವೀಕರಿಸಿ ರಾಮಾನಂದ ತೀರ್ಥರೆಂಬ ಹೆಸರನ್ನು ಹೊಂದಿದರು. ಸನ್ಯಾಸಿಯಾದವನು ಲೋಕವನ್ನು ಬಿಟ್ಟು ಹೋಗುವನೆಂದು ಜನರು ಎಣಿಸುವದುಂಟು; ಇವರು ಮನೆಮಾರನ್ನು ಮಾತ್ರ ಬಿಟ್ಟರು, ಜನರನ್ನು ಬಿಡಲಿಲ್ಲ.

ಆ ಕಾಲದ ಸ್ಥಿತಿಯನ್ನು ಎಳೆಯರು ತಿಳಿದಿರಬೇಕು. ಹೈದರಾಬಾದ್ ಸಂಸ್ಥಾನದಲ್ಲಿ ಜನರು ಪ್ರಜೆಗಳೆನಿಸಿಕೊಂಡರೂ ಆ ಮಾತಿಗೆ ಆಳಿಸಿಕೊಳ್ಳುವವರೆಂಬದೊಂದೇ ಅರ್ಥ. ಗಸ್ತಿ 53 ಎಂಬ ಆಜ್ಞೆಯ ಮೇರೆಗೆ ಅಪ್ಪಣೆಯಿಲ್ಲದೆ ಸಭೆ ಕೂಡುವ ಹಾಗಿರಲಿಲ್ಲ. ಕನ್ನಡ ಮಾತಾಡುವ ರೈತನ ಭೂಮಿಯ ಕಾಗದವು ಅವನಿಗೆ ಓದಲು ಬಾರದ ಉರ್ದುವಿನಲ್ಲಿತ್ತು. ಖಾಲ್ಸಾ ಗ್ರಾಮಗಳಲ್ಲಿ ಸರಕಾರದ ಅಧಿಕಾರಿ, ಜಹಗೀರು ಗ್ರಾಮಗಳಲ್ಲಿ ಜಹಗೀರದಾರ. ಊರ ಹೊರಗಿನ ಕೇರಿಯವನಿಗೆ ಎಲ್ಲಿದ್ದರೂ ಬಿಟ್ಟಿ ಚಾಕರಿ ತಪ್ಪಲಿಲ್ಲ. ಹೊರೆ ಹೊರಲು ಕರೆದಾಗ ಹೋಗಬೇಕು, ಕೂಲಿ ಕೇಳಬಾರದು. ನಮ್ಮ ಸಭೆಗಳ ಹಿರಿಯರಲ್ಲಿ ಅನೇಕರ ಮನೆತನಗಳು ಆ ಕೇರಿಗಳಿಂದಲೇ ಬಂದವುಗಳಷ್ಟೆ.

1938ರಲ್ಲಿ ಸಂಸ್ಥಾನದ ಕಾಂಗ್ರೆಸು ಸ್ಥಾಪಿತವಾಗುವದಕ್ಕೆ ಮುಂಚೆಯೇ ಸರಕಾರವು ಅದನ್ನು ನಿಷೇಧಿಸಿತು. ಸ್ವಾಮಿಗಳು ಆ ವರುಷದ ಅಕ್ಟೋಬರದಲ್ಲಿ ಸತ್ಯಾಗ್ರಹ ಮಾಡಿ ಸೆರೆಮನೆಗೆ ಹೋದರು. ಬಿಡುಗಡೆಯಾಗಿ ಬಂದು ಮತ್ತೆ ಹೋದರು. ನಿಷೇಧವು 1946ರಲ್ಲಿ ತೆಗೆಯಲ್ಪಟ್ಟಿತು. ಮರುವರುಷ ನಿಜಾಮರು ಸ್ವತಂತ್ರರಾಗಿಯೇ ಇರುವೆವೆಂದು ಸಾರಿದಾಗ, ಸಂಸ್ಥಾನವು ಹಿಂದುಸ್ಥಾನದೊಡನೆ ಸೇರಲೇಬೇಕೆಂದು ಸ್ವಾಮಿಗಳು ಹಟ ಹಿಡಿದರು. 1947ರ ಆಗಸ್ಟ್ 15ರಂದು ದೇಶವೆಲ್ಲ ಹಬ್ಬ ಆಚರಿಸುತ್ತಿರಲು ಇವರು ಬಂಧಿತರಾದರು. ನಡುವೆ ಬಿಡುಗಡೆಯಾದರೂ 1948ರ ಜನವರಿಯಲ್ಲಿ ಪುನಃ ಸೆರೆಯಾಗಿ, ಸೆಪ್ಟೆಂಬರ್ 17ರಂದು ನಿಜಾಮರು ಶರಣಾಗತರಾಗುವ ತನಕ ಒಳಗೇ ಇದ್ದರು.

ಇಲ್ಲಿ ಒಂದು ಮಾತನ್ನು ಮುಚ್ಚುವದು ನ್ಯಾಯವಲ್ಲ. ಅದಕ್ಕೆ ಮುಂಚೆ ರಜಾಕಾರರು ಹಳ್ಳಿಗಳಲ್ಲಿ ಮಾಡಿದ ಕೊಲೆ ಸುಲಿಗೆಗಳನ್ನು ನಮ್ಮವರು ಕಂಡಿದ್ದರು. ಅದರ ತರುವಾಯ ನಿರಪರಾಧಿಗಳಾದ ಎಷ್ಟೋ ಮುಸಲ್ಮಾನರು ಕೊಲ್ಲಲ್ಪಟ್ಟರು. ಭಾರತ ಸರಕಾರವು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗವನ್ನೂ ಎಣಿಸಿತು. ನೆರೆಯವನ ರಕ್ತದ ಮೇಲೆ ಹೆಮ್ಮೆಪಡುವದು ಕ್ರಿಸ್ತನ ಶಿಷ್ಯರಿಗೆ ಆಗದು.

1949ರಲ್ಲಿ ಜಹಗೀರುಗಳು ರದ್ದಾದವು. 1950ರ ಜನವರಿ 26ರಂದು ಜಾರಿಗೆ ಬಂದ ರಾಜ್ಯಾಂಗದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ತೆಗೆದುಹಾಕಿತು. 23ನೆಯದು ಬಿಟ್ಟಿ ಚಾಕರಿಯನ್ನು ನಿಷೇಧಿಸಿತು. 25ನೆಯದು ತನ್ನ ಮತವನ್ನು ಅನುಸರಿಸಿ ಸಾರುವ ಸ್ವಾತಂತ್ರ್ಯವನ್ನು ಪ್ರತಿಯೊಬ್ಬನಿಗೂ ಕೊಟ್ಟಿತು. 1952ರ ಮೊದಲನೆಯ ಮಹಾಚುನಾವಣೆಯಲ್ಲಿ ಸ್ವಾಮಿಗಳು ಗುಲಬರ್ಗದಿಂದಲೇ ಲೋಕಸಭೆಗೆ ಆರಿಸಲ್ಪಟ್ಟರು. 21 ವರುಷ ತುಂಬಿದ ಯಾರೂ, ಗಂಡಸಾಗಲಿ ಹೆಂಗಸಾಗಲಿ, ಗೌಡನಾಗಲಿ ಕೇರಿಯವನಾಗಲಿ, ಒಂದೊಂದೇ ಮತ ಹಾಕಬಹುದಾಗಿತ್ತು. ಗೌಡನ ಮತಕ್ಕೆ ಎರಡೆಂದು ಯಾರೂ ಎಣಿಸಲಿಲ್ಲ.

ಆದರೂ ನಮ್ಮವರಿಗೆ ಒಂದು ನೋವುಂಟು. 1950ರಲ್ಲಿಯೇ ಹೊರಟ ರಾಷ್ಟ್ರಪತಿಗಳ ಆಜ್ಞೆಯು ಪರಿಶಿಷ್ಟ ಜಾತಿಯ ಸವಲತ್ತನ್ನು ಹಿಂದೂಗಳಿಗೆ ಮಾತ್ರ ಸಲ್ಲಿಸಿತು. ಅದು 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಲ್ಪಟ್ಟಿತು, ಕ್ರೈಸ್ತರಿಗೆ ಇಲ್ಲ. ಕೇರಿಯೂ ಕಷ್ಟವೂ ಹಾಗೆಯೇ ಇರಲಾಗಿ ದೀಕ್ಷಾಸ್ನಾನ ಹೊಂದಿದ ಮಾತ್ರಕ್ಕೆ ಹೆಸರು ಪಟ್ಟಿಯಿಂದ ಹೋಗುವದು ಹೇಗೆ ಸರಿಯೆಂದು ಕೇಳುವವನು ದೇಶಕ್ಕೆ ಕೃತಘ್ನನೆಂದು ಕೆಲವರು ಹೇಳುವರು. ನಾವು ಹಾಗೆ ತಿಳಿಯುವದಿಲ್ಲ. ಪೌಲನು ರೋಮಿನ ಹಕ್ಕನ್ನು ಎತ್ತಿ ಹೇಳಿದ್ದು ರೋಮಿನ ಅಧಿಕಾರಿಗೇ ಅಲ್ಲವೇ? ಸ್ವಾಮಿಗಳೂ ಸ್ವಾತಂತ್ರ್ಯ ಬಂದ ಮೇಲೆ ಬಾಯಿ ಮುಚ್ಚಿ ಕುಳಿತವರಲ್ಲ. ಹೈದರಾಬಾದ್ ಸಂಸ್ಥಾನವನ್ನು ಭಾಷೆಗಳ ಮೇರೆಗೆ ಹಂಚಲೇಬೇಕೆಂದು, ತಮ್ಮದೇ ಪಕ್ಷದ ದೊಡ್ಡವರಿಗೆ ಹಿತವಾಗದಿದ್ದರೂ, ಬಿಡದೆ ವಾದಿಸಿದರು. 1956ರ ನವೆಂಬರ್ 1ರಂದು ಗುಲಬರ್ಗ, ರಾಯಚೂರು, ಬೀದರಗಳು ಮೈಸೂರು ರಾಜ್ಯವನ್ನು ಕೂಡಿಕೊಂಡವು.

1957ರಲ್ಲಿ ಔರಂಗಾಬಾದಿನಿಂದ ಇನ್ನೊಮ್ಮೆ ಆರಿಸಿ ಬಂದರು. ಹೋರಾಟದ ನೆನಪುಗಳನ್ನು ಬರೆದಿಟ್ಟು, 1972ರ ಜನವರಿ 22ರಂದು ಹೈದರಾಬಾದಿನಲ್ಲಿ ತೀರಿಕೊಂಡರು. ನಾಂದೇಡದಲ್ಲಿ 1994ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನಿಟ್ಟಿದ್ದಾರೆ. ಅವರನ್ನು ಮೊದಲು ಆರಿಸಿ ಕಳುಹಿಸಿದ ನಮ್ಮ ಸೀಮೆಯ ಮಕ್ಕಳಲ್ಲಿ ಆ ಹೆಸರನ್ನು ಕೇಳಿದವರು ಕಡಿಮೆ.